ಕ್ರೈಸ್ತರೂ ಮೋಶೆಯ ಧರ್ಮಶಾಸ್ತ್ರವೂ: ಅಧಿಕಾರವಿಚಾರದ ದೃಷ್ಟಿಯಿಂದ ಒಂದು ವಿಮರ್ಶೆ

೧

ಕ್ರೈಸ್ತಮತದ ಇತಿಹಾಸದಲ್ಲಿ ಮೊತ್ತಮೊದಲು ತಲೆದೋರಿದ ದೊಡ್ಡ ವಿವಾದ ಮೋಶೆಯ ಧರ್ಮಶಾಸ್ತ್ರವನ್ನು ಯಾರು ಆಚರಿಸಬೇಕು ಎಂಬುದನ್ನು ಕುರಿತದ್ದು. ಯೇಸು ಯೆಹೂದ್ಯನಾಗಿ ಹುಟ್ಟಿ ಎಂಟನೆಯ ದಿನ ಸುನ್ನತಿ ಹೊಂದಿದವನು. ಅವನ ಮೊದಲ ಶಿಷ್ಯರೆಲ್ಲರೂ ಯೆಹೂದ್ಯರೇ. ಅವನ ಮರಣಾನಂತರ ಎರಡು ದಶಕಗಳು ಕಳೆಯುವುದರೊಳಗಾಗಿ ಅಂತಿಯೋಕ್ಯ ಮೊದಲಾದ ಪಟ್ಟಣಗಳಲ್ಲಿ ಯೆಹೂದ್ಯೇತರರು ಗುಂಪುಗೂಡಿ ಈ ಮಾರ್ಗಕ್ಕೆ ಬಂದರು. ಅವರೂ ಸುನ್ನತಿ ಮಾಡಿಸಿಕೊಳ್ಳಬೇಕೆ, ಸಬ್ಬತ್ ದಿನವನ್ನು ಆಚರಿಸಬೇಕೆ, ಆಹಾರನಿಯಮಗಳನ್ನು ಪಾಲಿಸಬೇಕೆ ಎಂಬ ಪ್ರಶ್ನೆ ಆಗ ಎದ್ದಿತು. ಸುಮಾರು ಕ್ರಿ.ಶ. ೪೯ರಲ್ಲಿ ಯೆರೂಸಲೇಮಿನಲ್ಲಿ ಅಪೊಸ್ತಲರೂ ಹಿರಿಯರೂ ಕೂಡಿ ಒಂದು ನಿರ್ಣಯಕ್ಕೆ ಬಂದರಾದರೂ ಅಲ್ಲಿಗೆ ಪ್ರಶ್ನೆ ಮುಗಿಯಲಿಲ್ಲ. ಇಂದಿಗೂ ಒಂದೊಂದು ಸಭೆ ಒಂದೊಂದು ಉತ್ತರವನ್ನು ಕೊಡುತ್ತಿದೆ. ಆ ಉತ್ತರಗಳಲ್ಲಿ ಮುಖ್ಯವಾದವುಗಳನ್ನು ಮೂಲಪಾಠಗಳ ಆಧಾರದಿಂದ ಪರಾಮರ್ಶಿಸುವುದು ಪ್ರಕೃತ ಲೇಖನದ ಉದ್ದೇಶ.

ಮೊದಲು ಶಬ್ದವಿಚಾರ. 'ತೋರಾ' ಎಂಬ ಹೀಬ್ರೂ ಶಬ್ದಕ್ಕೆ ಉಪದೇಶ, ಮಾರ್ಗದರ್ಶನ ಎಂಬುದು ಮೂಲಾರ್ಥ. ಕನ್ನಡದ 'ತೋರು' ಧಾತುವಿನೊಡನೆ ಇದಕ್ಕಿರುವ ಧ್ವನಿಸಾಮ್ಯ ಕೇವಲ ಆಕಸ್ಮಿಕ. ಕ್ರಿ.ಪೂ. ೩ನೆಯ ಶತಮಾನದಲ್ಲಿ ಐದು ಕಾಂಡಗಳನ್ನು ಗ್ರೀಕಿಗೆ ತಿರುಗಿಸಿದವರು ಇದನ್ನು 'ನೊಮೊಸ್' ಎಂದರು. ಲ್ಯಾಟಿನ್ ಅನುವಾದಕರು 'ಲೆಕ್ಸ್' ಎಂದರು. ಉಪದೇಶವೆಂಬ ವಿಶಾಲಾರ್ಥ ಹೀಗೆ ಹೆಜ್ಜೆಹೆಜ್ಜೆಗೂ ಸಂಕುಚಿತವಾಗಿ, ಕಡೆಗೆ ರಾಜಶಾಸನವನ್ನು ಹೋಲುವ ಕಾನೂನು ಎಂಬ ಅರ್ಥದಲ್ಲಿ ನಿಂತಿತು. ಕಾನೂನೆಂದ ಮೇಲೆ ಅದು ಜಾರಿಯಲ್ಲಿದೆಯೇ, ರದ್ದಾಗಿದೆಯೇ ಎಂಬ ಎರಡೇ ಪ್ರಶ್ನೆಗಳು ಉಳಿಯುತ್ತವೆ. ಪಾಶ್ಚಾತ್ಯ ಕ್ರೈಸ್ತ ಚಿಂತನೆ ಬಹುಕಾಲ ಈ ಎರಡು ಪ್ರಶ್ನೆಗಳ ನಡುವೆಯೇ ತೊಳಲಾಡಿತು.

ಕನ್ನಡ ಬೈಬಲಿನಲ್ಲಿ ಬಳಕೆಗೆ ಬಂದಿರುವ 'ಧರ್ಮಶಾಸ್ತ್ರ' ಎಂಬ ಶಬ್ದ ಬೇರೊಂದು ದಾರಿಯನ್ನು ಸೂಚಿಸುತ್ತದೆ. ಈ ಶಬ್ದ ಕಿವಿಗೆ ಬಿದ್ದೊಡನೆ ಕನ್ನಡ ವಾಚಕನಿಗೆ ನೆನಪಾಗುವುದು ಮನು ಯಾಜ್ಞವಲ್ಕ್ಯರ ಸ್ಮೃತಿಗಳು. ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರ ರಚಿಸಿದ ಮಿತಾಕ್ಷರಾ. ಈ ಪರಂಪರೆಯಲ್ಲಿ ವಿಧಿಯೊಂದು ಕಂಡರೆ ಸಾಲದು, ಆ ವಿಧಿಗೆ ಅಧಿಕಾರಿ ಯಾರು ಎಂಬುದನ್ನೂ ನಿರ್ಣಯಿಸಬೇಕು. ಜೈಮಿನಿಯ ಮೀಮಾಂಸಾಸೂತ್ರಗಳ ಆರನೆಯ ಅಧ್ಯಾಯ ಈ ಅಧಿಕಾರವಿಚಾರಕ್ಕೇ ಮೀಸಲಾಗಿದೆ. ರಾಜಸೂಯವನ್ನು ರಾಜನಾದವನು ಮಾಡಬೇಕು. ಬೇರೆಯವನು ಮಾಡದಿದ್ದರೆ ಅವನಿಗೆ ದೋಷವಿಲ್ಲ, ವಿಧಿಗೂ ಲೋಪವಿಲ್ಲ. ನನಗೆ ಅನ್ವಯಿಸದ ವಿಧಿ ರದ್ದಾದ ವಿಧಿಯಲ್ಲ. ಹೊಸ ಒಡಂಬಡಿಕೆಯ ಪಾಠಗಳಲ್ಲಿ ಚರ್ಚಿತವಾಗಿರುವುದು ಬಹುಪಾಲು ಇಂತಹ ಅಧಿಕಾರದ ಪ್ರಶ್ನೆಯೇ ಹೊರತು ರದ್ದತಿಯ ಪ್ರಶ್ನೆಯಲ್ಲ ಎಂಬುದು ಈ ಲೇಖನದ ಪ್ರತಿಪಾದನೆ.

೨

ಪೂರ್ವಪಕ್ಷಗಳು ಸ್ಥೂಲವಾಗಿ ಮೂರು. ತೋರಾ ಸಂಪೂರ್ಣವಾಗಿ ಕೊನೆಗೊಂಡಿತೆಂಬುದು ಮೊದಲನೆಯದು. ಇದರ ಅತಿರೇಕವನ್ನು ಕ್ರಿ.ಶ. ೧೪೪ರಲ್ಲಿ ರೋಮಿನ ಸಭೆಯಿಂದ ಬೇರ್ಪಟ್ಟ ಮಾರ್ಸಿಯನ್ನನಲ್ಲಿ ಕಾಣಬಹುದು. ಹಳೆಯ ಒಡಂಬಡಿಕೆಯ ದೇವರೇ ಬೇರೆ, ಯೇಸುವಿನ ತಂದೆಯೇ ಬೇರೆ ಎಂದು ಅವನು ವಾದಿಸಿದನು. ಸಭೆ ಅವನನ್ನು ತಿರಸ್ಕರಿಸಿ ಹಳೆಯ ಒಡಂಬಡಿಕೆಯನ್ನು ಪವಿತ್ರಗ್ರಂಥವೆಂದು ಉಳಿಸಿಕೊಂಡಿತು. ಉಳಿಸಿಕೊಂಡುದರಿಂದಲೇ ಅದರ ವಿಧಿಗಳನ್ನು ಏನು ಮಾಡಬೇಕೆಂಬ ಪ್ರಶ್ನೆಯೂ ಉಳಿಯಿತು. ತೋರಾ ಇಡಿಯಾಗಿ ಎಲ್ಲ ಕ್ರೈಸ್ತರಿಗೂ ಅನ್ವಯಿಸುತ್ತದೆಂಬುದು ಎರಡನೆಯ ಪಕ್ಷ. ಗಲಾತ್ಯದಲ್ಲಿ ಪೌಲನ ವಿರೋಧಿಗಳು ಹೀಗೆಂದರು. ನಮ್ಮ ಕಾಲದಲ್ಲಿಯೂ ಕ್ರೈಸ್ತಮತದ ಹೀಬ್ರೂ ಮೂಲಗಳಿಗೆ ಹಿಂದಿರುಗಬೇಕೆನ್ನುವ ಕೆಲವು ಪಂಗಡಗಳು ಹೀಗೆನ್ನುತ್ತವೆ. ಒಂದು ಭಾಗ ಉಳಿಯಿತು, ಉಳಿದ ಭಾಗ ಹೋಯಿತು ಎಂಬ ವಿಭಜನವಾದ ಮೂರನೆಯದು. ಅತ್ಯಂತ ಪ್ರಚುರವಾದದ್ದು ಇದೇ.

ವಿಭಜನವಾದಕ್ಕೆ ಶಾಸ್ತ್ರೀಯ ರೂಪ ದೊರೆತದ್ದು ೧೩ನೆಯ ಶತಮಾನದಲ್ಲಿ, ತೋಮಸ್ ಅಕ್ವಿನಾಸನ ಸುಮ್ಮಾ ಥಿಯೊಲೊಜಿಯೆ ಗ್ರಂಥದಲ್ಲಿ. ಅವನ ಪ್ರಕಾರ ಮೋಶೆಯ ವಿಧಿಗಳು ನೈತಿಕ, ಆರಾಧನಾಸಂಬಂಧಿ, ನ್ಯಾಯಸಂಬಂಧಿ ಎಂದು ಮೂರು ಬಗೆ. ನೈತಿಕ ವಿಧಿಗಳು ಮನುಷ್ಯಸಹಜವಾದ ವಿವೇಕಕ್ಕೆ ಗೋಚರವಾಗುವುದರಿಂದ ಎಲ್ಲರಿಗೂ ಎಲ್ಲ ಕಾಲಕ್ಕೂ ಸಲ್ಲುತ್ತವೆ. ಆರಾಧನಾವಿಧಿಗಳು ಕ್ರಿಸ್ತನ ಛಾಯೆಯಾಗಿದ್ದು ಅವನು ಬಂದ ಮೇಲೆ ಮುಗಿದವು. ನ್ಯಾಯವಿಧಿಗಳು ಇಸ್ರಾಯೇಲ್ ರಾಜ್ಯದೊಡನೆ ಹೋದವು. ಮತಸುಧಾರಣೆಯ ಬಳಿಕ ಕಾಲ್ವಿನ್ ಇದನ್ನು ಒಪ್ಪಿಕೊಂಡನು. ಇಂಗ್ಲೆಂಡಿನ ಸಭೆಯ ೧೫೭೧ರ ಮೂವತ್ತೊಂಬತ್ತು ಸೂತ್ರಗಳಲ್ಲಿ ಏಳನೆಯದೂ ೧೬೪೬ರ ವೆಸ್ಟ್‌ಮಿನ್‌ಸ್ಟರ್ ವಿಶ್ವಾಸಪ್ರಮಾಣವೂ ಇದನ್ನೇ ಅನುಸರಿಸಿದವು. ಇಂದು ಸಾಮಾನ್ಯ ಕ್ರೈಸ್ತನನ್ನು ಕೇಳಿದರೂ ದಶಾಜ್ಞೆಗಳು ಉಂಟು, ಬಲಿಗಳು ಇಲ್ಲ ಎಂದೇ ಉತ್ತರಿಸುವನು.

ಈ ವಾದದಲ್ಲಿ ವ್ಯವಸ್ಥೆಯಿದೆ, ಪಾಠದ ಆಧಾರವಿಲ್ಲ. ಯಾಜಕಕಾಂಡದ ೧೯ನೆಯ ಅಧ್ಯಾಯವನ್ನು ತೆಗೆದುಕೊಳ್ಳೋಣ. ನೆರೆಯವನನ್ನು ತನ್ನಂತೆಯೇ ಪ್ರೀತಿಸಬೇಕೆಂಬ ಆಜ್ಞೆ ಇದರ ೧೮ನೆಯ ವಚನದಲ್ಲಿದೆ. ಯೇಸು ಧರ್ಮಶಾಸ್ತ್ರದ ಎರಡು ಪ್ರಧಾನ ಆಜ್ಞೆಗಳಲ್ಲಿ ಇದನ್ನೊಂದಾಗಿ ಎಣಿಸಿದನು. ಮರುವಚನದಲ್ಲಿಯೇ ಎರಡು ಬಗೆಯ ನೂಲನ್ನು ಬೆರಸಿದ ಬಟ್ಟೆಯನ್ನು ಉಡಬಾರದೆಂಬ ಆಜ್ಞೆಯಿದೆ. ಸ್ವಲ್ಪ ಹಿಂದೆ, ಹೊಲದ ಅಂಚನ್ನು ಬಡವನಿಗೂ ಪರದೇಶಿಗೂ ಬಿಡಬೇಕು, ಕೂಲಿಯವನ ಕೂಲಿಯನ್ನು ಬೆಳಗಿನವರೆಗೆ ಇಟ್ಟುಕೊಳ್ಳಬಾರದು ಎಂದಿದೆ. ಸ್ವಲ್ಪ ಮುಂದೆ, ರಕ್ತಸಹಿತವಾದದ್ದನ್ನು ತಿನ್ನಬಾರದು, ಗಡ್ಡದ ಅಂಚನ್ನು ಕತ್ತರಿಸಬಾರದು, ತೂಕ ಅಳತೆಗಳಲ್ಲಿ ಮೋಸ ಮಾಡಬಾರದು ಎಂದಿದೆ. ನೈತಿಕ, ಆರಾಧನಾಸಂಬಂಧಿ ಎಂಬ ಗೆರೆಯನ್ನು ಈ ಅಧ್ಯಾಯದ ಕರ್ತೃ ಎಲ್ಲಿಯೂ ಎಳೆದಿಲ್ಲ. ಎಲ್ಲ ಆಜ್ಞೆಗಳಿಗೂ ಅವನು ಕೊಡುವ ಕಾರಣ ಒಂದೇ: ಆಜ್ಞಾಪಿಸಿದವನು ಪರಿಶುದ್ಧನು, ಆದುದರಿಂದ ಆತನ ಜನರೂ ಪರಿಶುದ್ಧರಾಗಿರಬೇಕು. ಈ ಅಧ್ಯಾಯದಲ್ಲಿ ಒಂದು ವಚನವನ್ನು ಶಾಶ್ವತವೆಂದೂ ಅದರ ಮಗ್ಗುಲಿನ ವಚನವನ್ನು ಗತಿಸಿದ್ದೆಂದೂ ವಿಂಗಡಿಸುವ ಮಾನದಂಡ ಹೊರಗಿನಿಂದ ಬಂದದ್ದು.

ದಶಾಜ್ಞೆಗಳ ವಿಷಯದಲ್ಲಿಯೂ ಈ ತೊಡಕು ತಪ್ಪಿದ್ದಲ್ಲ. ಅವು ಶುದ್ಧವಾಗಿ ನೈತಿಕವಾದರೆ ಸಬ್ಬತ್ತಿನ ಆಜ್ಞೆಯೂ ನೈತಿಕವಾಗಬೇಕು. ಆ ಆಜ್ಞೆ ಹೆಸರಿಸುವುದು ವಾರದ ಏಳನೆಯ ದಿನವನ್ನು. ಬಹುಪಾಲು ಸಭೆಗಳು ಮೊದಲನೆಯ ದಿನವಾದ ಭಾನುವಾರ ಕೂಡುತ್ತವೆ. ಅಕ್ವಿನಾಸನು ಈ ಆಜ್ಞೆಯ ಒಂದಂಶ ನೈತಿಕ, ಮತ್ತೊಂದಂಶ ಆರಾಧನಾಸಂಬಂಧಿ ಎಂದು ಅದನ್ನೇ ಸೀಳಿದನು. ವೆಸ್ಟ್‌ಮಿನ್‌ಸ್ಟರ್ ಪ್ರಮಾಣ ದಿನವೇ ಬದಲಾಯಿತೆಂದಿತು. ಏಳನೆಯ ದಿನದ ಅಡ್ವೆಂಟಿಸ್ಟರು ವಿಭಜನವಾದವನ್ನು ಅದರ ತಾರ್ಕಿಕ ಕೊನೆಯವರೆಗೆ ಒಯ್ದು ಶನಿವಾರವನ್ನೇ ಆಚರಿಸುತ್ತಾರೆ. ವಾದದ ಸುಸಂಗತಿಯನ್ನಷ್ಟೇ ನೋಡಿದರೆ ಈ ಮೂವರಲ್ಲಿ ಅಡ್ವೆಂಟಿಸ್ಟರ ಪಕ್ಷವೇ ಮೇಲೆಂದು ಒಪ್ಪಬೇಕಾಗುತ್ತದೆ.

೩

ಲೂಥರನು ಈ ತೊಡಕನ್ನು ಕಂಡಿದ್ದನು. ಕ್ರೈಸ್ತರು ಮೋಶೆಯನ್ನು ಹೇಗೆ ಕಾಣಬೇಕೆಂಬ ವಿಷಯವಾಗಿ ೧೫೨೫ರಲ್ಲಿ ಮಾಡಿದ ಉಪದೇಶದಲ್ಲಿ ಅವನು ವಿಭಜನವಾದವನ್ನೇ ಬದಿಗಿಟ್ಟು, ದಶಾಜ್ಞೆಗಳೂ ಸೇರಿದಂತೆ ಮೋಶೆಯ ಶಾಸ್ತ್ರ ಯೆಹೂದ್ಯರಿಗೆ ಕೊಟ್ಟದ್ದೆಂದನು. ಇದಕ್ಕೆ ಅವನು ತೋರಿಸಿದ ಪ್ರಮಾಣ ದಶಾಜ್ಞೆಗಳ ಪೀಠಿಕೆಯೇ: ಐಗುಪ್ತದ ದಾಸತ್ವದಿಂದ ಬಿಡಿಸಿ ತಂದ ಜನರನ್ನು ದೇವರು ಅಲ್ಲಿ ಸಂಬೋಧಿಸುತ್ತಾನೆ; ಜರ್ಮನರು ಐಗುಪ್ತದಿಂದ ಬಂದವರಲ್ಲ. ಸಾಕ್ಸನ್ ಪ್ರಾಂತದ ಸಾಕ್ಸೆನ್‌ಸ್ಪೀಗೆಲ್ ಎಂಬ ನ್ಯಾಯಸಂಹಿತೆ ಆ ಪ್ರಾಂತದವರಿಗೆ ಹೇಗೋ ಹಾಗೆ ಮೋಶೆಯ ಶಾಸ್ತ್ರ ಯೆಹೂದ್ಯರಿಗೆ ಎಂಬ ಹೋಲಿಕೆಯನ್ನೂ ಅವನು ಕೊಟ್ಟನು. ಕೊಲ್ಲಬಾರದು, ಕದಿಯಬಾರದು ಎಂಬುದನ್ನು ಕ್ರೈಸ್ತನು ಪಾಲಿಸುವುದು ಮೋಶೆ ಹೇಳಿದನೆಂದಲ್ಲ, ಅದು ಎಲ್ಲ ಮನುಷ್ಯರ ಹೃದಯದಲ್ಲಿಯೂ ಬರೆದಿರುವ ಧರ್ಮವಾದುದರಿಂದ ಎಂಬುದು ಅವನ ಮತ.

ಇದು ಶುದ್ಧವಾದ ಅಧಿಕಾರವಿಚಾರ. ಮಾತು ಯಾರನ್ನು ಕುರಿತದ್ದೆಂದು ಕೇಳಿ ಆಮೇಲೆ ಅದರ ಬಾಧ್ಯತೆಯನ್ನು ನಿರ್ಣಯಿಸುವ ಕ್ರಮವನ್ನು ತೋರಾ ತಾನೇ ಒಪ್ಪುತ್ತದೆ. ಧರ್ಮೋಪದೇಶಕಾಂಡದ ೧೪ನೆಯ ಅಧ್ಯಾಯದಲ್ಲಿ, ತಾನಾಗಿ ಸತ್ತ ಪ್ರಾಣಿಯ ಮಾಂಸವನ್ನು ಇಸ್ರಾಯೇಲ್ಯರು ತಿನ್ನಬಾರದು, ಆದರೆ ಊರಲ್ಲಿರುವ ಪರದೇಶಿಗೆ ಕೊಡಬಹುದು, ಅನ್ಯನಿಗೆ ಮಾರಬಹುದು ಎಂದಿದೆ. ತಿನ್ನುವುದು ಸ್ವರೂಪತಃ ಪಾಪವಾಗಿದ್ದರೆ ಇನ್ನೊಬ್ಬನಿಗೆ ಕೊಡುವುದೂ ಪಾಪವಾಗಬೇಕಿತ್ತು. ಇಸ್ರಾಯೇಲ್ಯರೊಳಗೂ ಶವದ ಬಳಿ ಹೋಗಬಾರದೆಂಬ ವಿಧಿ ಯಾಜಕನಿಗೆ, ದ್ರಾಕ್ಷಾರಸವನ್ನು ಮುಟ್ಟಬಾರದೆಂಬ ವಿಧಿ ನಾಜೀರ ವ್ರತ ಹಿಡಿದವನಿಗೆ. ತೋರಾದ ವಿಧಿಗಳು ೬೧೩ ಎಂಬ ಎಣಿಕೆ ೩ನೆಯ ಶತಮಾನದ ರಬ್ಬಿ ಸಿಮ್ಲಾಯಿಯ ಹೆಸರಿನಲ್ಲಿ ತಾಲ್ಮೂದಿನಲ್ಲಿ ಬಂದಿದೆ: ವಿಧಿಗಳು ೨೪೮, ನಿಷೇಧಗಳು ೩೬೫. ಈ ೬೧೩ನ್ನೂ ಆಚರಿಸಬೇಕಾದ ಒಬ್ಬ ವ್ಯಕ್ತಿ ಎಂದೂ ಇರಲಿಲ್ಲ. ಕ್ರಿ.ಶ. ೭೦ರಲ್ಲಿ ಯೆರೂಸಲೇಮಿನ ದೇವಾಲಯ ನಾಶವಾದ ಮೇಲೆ ಬಲಿಸಂಬಂಧವಾದ ವಿಧಿಗಳಿಗೆ ಸ್ಥಳವೇ ಇಲ್ಲವಾಯಿತು. ಹಾಗೆಂದು ರಬ್ಬಿಗಳು ಅವನ್ನು ರದ್ದಾದವೆನ್ನದೆ ಅಧ್ಯಯನ ಮಾಡುತ್ತ ಬಂದರು. ಯೆಹೂದ್ಯೇತರರಿಗೆ ನೋಹನ ಸಂತತಿಗೆ ಸಲ್ಲುವ ಏಳು ವಿಧಿಗಳು ಸಾಕೆಂದೂ, ಅನ್ಯಜನಾಂಗಗಳ ನೀತಿವಂತರಿಗೂ ಬರಲಿರುವ ಲೋಕದಲ್ಲಿ ಪಾಲುಂಟೆಂದೂ ಅವರ ಪರಂಪರೆ ಬೋಧಿಸಿತು.

ಹೀಗೆ ಲೂಥರನ ತರ್ಕದ ಪೂರ್ವಾರ್ಧ ಗಟ್ಟಿಯಾದದ್ದು. ಆದರೆ ಮೋಶೆಯ ಶಾಸ್ತ್ರ ಯೆಹೂದ್ಯರಿಗೆ ಕೊಟ್ಟದ್ದೆಂದ ಮೇಲೆ ಯೆಹೂದ್ಯರು ಅದನ್ನು ಆಚರಿಸುವುದು ಯುಕ್ತವೆಂಬ ಉತ್ತರಾರ್ಧ ತಾನಾಗಿ ಬರಬೇಕಿತ್ತು. ಅದು ಬರಲಿಲ್ಲ. ೧೫೪೩ರ ಯೆಹೂದ್ಯವಿರೋಧಿ ಗ್ರಂಥದಲ್ಲಿ ಅವನು ಅವರ ಸಭಾಮಂದಿರಗಳನ್ನು ಸುಡಬೇಕು, ಪ್ರಾರ್ಥನಾಗ್ರಂಥಗಳನ್ನು ಕಿತ್ತುಕೊಳ್ಳಬೇಕು ಎಂದು ಪ್ರಭುಗಳಿಗೆ ಸಲಹೆಯಿತ್ತನು. ನಮಗೆ ಸಲ್ಲದ್ದು ಯಾರಿಗೂ ಸಲ್ಲದು ಎಂಬ ಭಾವ ತರ್ಕವನ್ನು ಮೀರಿ ನಿಂತಿತು.

೪

ಈಗ ಹೊಸ ಒಡಂಬಡಿಕೆಯ ಪಾಠಗಳನ್ನು ನೋಡೋಣ. ಮತ್ತಾಯನ ಸುವಾರ್ತೆಯ ೫ನೆಯ ಅಧ್ಯಾಯದಲ್ಲಿ ಯೇಸು ತಾನು ಧರ್ಮಶಾಸ್ತ್ರವನ್ನು ತೊಡೆದುಹಾಕಲು ಬಂದವನಲ್ಲವೆಂದೂ ಅದರ ಅತ್ಯಲ್ಪ ವಿಧಿಯನ್ನು ಸಡಲಿಸುವವನು ಪರಲೋಕರಾಜ್ಯದಲ್ಲಿ ಅಲ್ಪನೆನಿಸುವನೆಂದೂ ಹೇಳುತ್ತಾನೆ. ಕೇಳುತ್ತಿದ್ದವರು ಯೆಹೂದ್ಯರು, ಅವರ ಮಟ್ಟಿಗೆ ಮಾತಿನಲ್ಲಿ ಸಂದಿಗ್ಧವಿಲ್ಲ. ಇದಕ್ಕೆದುರಾಗಿ ಮಾರ್ಕನ ೭ನೆಯ ಅಧ್ಯಾಯವನ್ನು ತೋರಿಸುವುದುಂಟು. ಎಲ್ಲ ಆಹಾರಗಳೂ ಶುದ್ಧವೆಂಬ ಅಭಿಪ್ರಾಯ ಅಲ್ಲಿ ಬರುತ್ತದೆ ನಿಜ. ಆದರೆ ಅದು ಗ್ರಂಥಕರ್ತನು ಸೇರಿಸಿದ ವಿವರಣೆಯೆಂದು ಹೆಚ್ಚಿನ ವಿದ್ವಾಂಸರು ತಿಳಿಯುತ್ತಾರೆ. ಅದೇ ಪ್ರಸಂಗವನ್ನು ಹೇಳುವ ಮತ್ತಾಯನ ೧೫ನೆಯ ಅಧ್ಯಾಯದಲ್ಲಿ ಆ ಮಾತಿಲ್ಲ. ಅಲ್ಲಿ ಚರ್ಚೆ ಕೈ ತೊಳೆಯದೆ ಉಣ್ಣುವುದರಲ್ಲಿಯೇ ಮುಗಿಯುತ್ತದೆ. ಯೇಸು ಆಹಾರನಿಯಮಗಳನ್ನು ಸ್ಪಷ್ಟವಾಗಿ ತೆಗೆದುಹಾಕಿದ್ದರೆ, ಅಪೊಸ್ತಲರ ಕೃತ್ಯಗಳ ೧೦ನೆಯ ಅಧ್ಯಾಯದಲ್ಲಿ ಪೇತ್ರನು ತಾನು ಅಶುದ್ಧವಾದದ್ದನ್ನು ಎಂದೂ ತಿಂದವನಲ್ಲವೆಂದು ಹೇಳುವ ಸಂದರ್ಭವೇ ಇರುತ್ತಿರಲಿಲ್ಲ. ಅಲ್ಲಿ ಕಂಡ ದರ್ಶನಕ್ಕೂ ಪೇತ್ರನು ಕೊಟ್ಟ ಅರ್ಥ ಯಾವ ಮನುಷ್ಯನನ್ನೂ ಅಶುದ್ಧನೆನ್ನಬಾರದೆಂಬುದೇ ಹೊರತು ಯಾವ ಮಾಂಸವನ್ನಾದರೂ ತಿನ್ನಬಹುದೆಂಬುದಲ್ಲ.

ಯೆರೂಸಲೇಮಿನ ನಿರ್ಣಯವನ್ನು ಗಮನವಿಟ್ಟು ಓದಬೇಕು. ಅಲ್ಲಿ ಎದ್ದ ಸಂಶಯ ಅನ್ಯಜನರಿಂದ ಬಂದವರು ಸುನ್ನತಿ ಹೊಂದಬೇಕೆ ಎಂಬುದು. ಬೇಕಿಲ್ಲವೆಂಬುದು ನಿರ್ಣಯ, ವಿಗ್ರಹಕ್ಕೆ ಅರ್ಪಿಸಿದ್ದು, ಜಾರತ್ವ, ಕುತ್ತಿಗೆ ಹಿಸುಕಿ ಕೊಂದದ್ದು, ರಕ್ತ ಈ ನಾಲ್ಕನ್ನು ಮಾತ್ರ ಅವರು ವರ್ಜಿಸಬೇಕೆಂದಾಯಿತು. ಈ ನಾಲ್ಕಕ್ಕೂ ಯಾಜಕಕಾಂಡದ ೧೭, ೧೮ನೆಯ ಅಧ್ಯಾಯಗಳಲ್ಲಿ ಇಸ್ರಾಯೇಲ್ಯರ ನಡುವೆ ವಾಸಿಸುವ ಪರದೇಶಿಗೂ ಅನ್ವಯಿಸುವಂತೆ ಹೇಳಿರುವ ನಿಷೇಧಗಳಿಗೂ ಇರುವ ಹೋಲಿಕೆಯನ್ನು ಹಲವು ವಿದ್ವಾಂಸರು ತೋರಿಸಿಕೊಟ್ಟಿದ್ದಾರೆ. ಇದು ಸರಿಯಾದರೆ ಸಭೆಯು ತೋರಾವನ್ನು ಬದಿಗಿಟ್ಟು ನಿರ್ಣಯ ಮಾಡಲಿಲ್ಲ. ಪರದೇಶಿಗೆ ಏನು ಸಲ್ಲುತ್ತದೆಂದು ತೋರಾದಲ್ಲಿಯೇ ಹುಡುಕಿ ನಿರ್ಣಯ ಮಾಡಿತು. ಯೆಹೂದ್ಯ ವಿಶ್ವಾಸಿಗಳು ಸುನ್ನತಿಯನ್ನು ಬಿಡಬೇಕೆ ಎಂಬ ಪ್ರಶ್ನೆಯನ್ನು ಅಲ್ಲಿ ಯಾರೂ ಎತ್ತಲಿಲ್ಲ. ೨೧ನೆಯ ಅಧ್ಯಾಯದಲ್ಲಿ ಈ ಅಂಶ ಇನ್ನೂ ವಿಶದವಾಗುತ್ತದೆ. ಪೌಲನು ಯೆಹೂದ್ಯರಿಗೆ ಮೋಶೆಯನ್ನು ತ್ಯಜಿಸಲು ಬೋಧಿಸುತ್ತಾನೆಂಬ ಸುದ್ದಿ ಹಬ್ಬಿರಲು, ಅದು ಸುಳ್ಳೆಂದು ಎಲ್ಲರಿಗೂ ತಿಳಿಯುವಂತೆ ವ್ರತ ಹಿಡಿದ ನಾಲ್ವರ ಖರ್ಚನ್ನು ವಹಿಸಿ ಅವರೊಡನೆ ಶುದ್ಧಿ ಮಾಡಿಕೊಳ್ಳಬೇಕೆಂದು ಯಾಕೋಬನ ಕಡೆಯವರು ಹೇಳುತ್ತಾರೆ. ಪೌಲನು ಹಾಗೆಯೇ ಮಾಡುತ್ತಾನೆ.

ಪೌಲನ ನಡತೆಯಲ್ಲಿ ವಿರೋಧವಿದೆಯೆಂದು ತೋರುವ ಎಡೆಗಳೂ ಈ ದೃಷ್ಟಿಯಿಂದ ಹೊಂದಿಕೊಳ್ಳುತ್ತವೆ. ಗ್ರೀಕನಾದ ತೀತನಿಗೆ ಸುನ್ನತಿಯನ್ನು ಅವನು ಒಪ್ಪಲಿಲ್ಲ. ಯೆಹೂದ್ಯ ತಾಯಿಯ ಮಗನಾದ ತಿಮೊಥೆಯನಿಗೆ ತಾನೇ ಮಾಡಿಸಿದನೆಂದು ಅಪೊಸ್ತಲರ ಕೃತ್ಯಗಳು ಹೇಳುತ್ತವೆ. ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ ೭ನೆಯ ಅಧ್ಯಾಯದಲ್ಲಿ, ಕರೆ ಬಂದಾಗ ಸುನ್ನತಿಯುಳ್ಳವನಾಗಿದ್ದವನು ಅದನ್ನು ಮರೆಮಾಡಬಾರದು, ಇಲ್ಲದಿದ್ದವನು ಅದನ್ನು ಬಯಸಬಾರದು, ಪ್ರತಿಯೊಬ್ಬನೂ ಕರೆ ಬಂದ ಸ್ಥಿತಿಯಲ್ಲಿಯೇ ಇರಬೇಕು ಎಂಬ ನಿಯಮವನ್ನು ಎಲ್ಲ ಸಭೆಗಳಿಗೂ ವಿಧಿಸಿರುವುದಾಗಿ ಅವನು ಹೇಳುತ್ತಾನೆ. ಸುನ್ನತಿ ಹೊಂದುವವನು ಇಡೀ ಧರ್ಮಶಾಸ್ತ್ರಕ್ಕೆ ಬದ್ಧನಾಗುವನೆಂದು ಗಲಾತ್ಯದವರಿಗೆ ಅವನು ಕೊಡುವ ಎಚ್ಚರಿಕೆಗೂ, ಆ ಶಾಸ್ತ್ರ ಯೆಹೂದ್ಯನ ಪಾಲಿಗೆ ಬಾಧ್ಯವಾಗಿಯೇ ಇದೆ ಎಂದು ಗ್ರಹಿಸಿದಾಗಲೇ ಅರ್ಥವುಂಟು.

ಇತ್ತೀಚಿನ ಸಂಶೋಧನೆ ಈ ದಿಕ್ಕಿನಲ್ಲಿ ಸಾಗಿದೆ. ಪೌಲನ ಪ್ರಶ್ನೆ ವ್ಯಕ್ತಿಯ ಪಾಪಪ್ರಜ್ಞೆಗಿಂತ ಹೆಚ್ಚಾಗಿ ಯೆಹೂದ್ಯರಿಗೂ ಅನ್ಯಜನರಿಗೂ ಇರುವ ಸಂಬಂಧವನ್ನು ಕುರಿತದ್ದೆಂದು ಕ್ರಿಸ್ಟರ್ ಸ್ಟೆಂಡಾಲ್ ಅವರು ೧೯೬೩ರ ಲೇಖನದಲ್ಲಿ ವಾದಿಸಿದರು. ಯೆಹೂದ್ಯಮತವೆಂದರೆ ಕರ್ಮಗಳಿಂದ ಮೋಕ್ಷವನ್ನು ಗಳಿಸುವ ಮತವೆಂಬ ಬಹುಕಾಲದ ನಂಬಿಕೆಯನ್ನು ಇ. ಪಿ. ಸ್ಯಾಂಡರ್ಸ್ ಅವರ ೧೯೭೭ರ ಗ್ರಂಥ ಅಲುಗಿಸಿತು. 'ಧರ್ಮಶಾಸ್ತ್ರದ ಕರ್ಮಗಳು' ಎಂಬ ಪೌಲನ ಮಾತಿಗೆ ಸಮಾನವಾದ ಹೀಬ್ರೂ ಪ್ರಯೋಗ ಕುಮ್ರಾನಿನ ಒಂದು ಪತ್ರರೂಪದ ಹಸ್ತಪ್ರತಿಯಲ್ಲಿ ದೊರೆತು ೧೯೯೪ರಲ್ಲಿ ವಿಧ್ಯುಕ್ತವಾಗಿ ಪ್ರಕಟವಾಯಿತು. ಅಲ್ಲಿ ಚರ್ಚಿತವಾಗಿರುವುದು ಬಲಿ, ಶುದ್ಧಿ ಮೊದಲಾದ ಆಚರಣೆಗಳ ಸೂಕ್ಷ್ಮಭೇದಗಳು, ಅಂದರೆ ಒಂದು ಪಂಗಡವನ್ನು ಮತ್ತೊಂದರಿಂದ ಬೇರ್ಪಡಿಸುವ ಗುರುತುಗಳು.

೫

ಈ ಸಿದ್ಧಾಂತಕ್ಕೆ ಬಲವಾದ ಆಕ್ಷೇಪಗಳಿಲ್ಲದೆ ಇಲ್ಲ. ಕೊರಿಂಥದವರಿಗೆ ಬರೆದ ಅದೇ ಪತ್ರಿಕೆಯ ೯ನೆಯ ಅಧ್ಯಾಯದಲ್ಲಿ ಪೌಲನು ತಾನು ಧರ್ಮಶಾಸ್ತ್ರಕ್ಕೆ ಅಧೀನನಲ್ಲವೆಂದೇ ಹೇಳಿಕೊಳ್ಳುತ್ತಾನೆ, ಅವನು ಯೆಹೂದ್ಯನು. ಗಲಾತ್ಯದವರ ೩ನೆಯ ಅಧ್ಯಾಯದಲ್ಲಿ ಧರ್ಮಶಾಸ್ತ್ರವನ್ನು ಹುಡುಗನನ್ನು ಪಾಠಶಾಲೆಗೆ ಕರೆದೊಯ್ಯುವ ಸೇವಕನಿಗೆ ಹೋಲಿಸಿ, ಹುಡುಗನು ದೊಡ್ಡವನಾದ ಮೇಲೆ ಅವನ ಕೆಲಸ ಮುಗಿಯಿತೆಂಬಂತೆ ಮಾತನಾಡುತ್ತಾನೆ. ಇಬ್ರಿಯರಿಗೆ ಬರೆದ ಪತ್ರಿಕೆಯ ಕರ್ತೃ ಮೊದಲಿನ ಒಡಂಬಡಿಕೆಯನ್ನು ಹಳತಾಗಿ ಅಳಿಯಲಿರುವುದೆಂದು ವರ್ಣಿಸುತ್ತಾನೆ. ಈ ಮಾತುಗಳನ್ನು ಅಧಿಕಾರವಿಚಾರದೊಳಗೆ ಪೂರ್ಣವಾಗಿ ಅಡಗಿಸಲು ಸಾಧ್ಯವಿಲ್ಲ. ಹಾಗೆ ಅಡಗಿಸಹೊರಟರೆ ವಿಭಜನವಾದಿಗಳು ಮಾಡಿದ ಬಲಾತ್ಕಾರವನ್ನೇ ನಾವೂ ಮಾಡಿದಂತಾಗುವುದು. ಆದರೆ ಅದೇ ಪೌಲನು ರೋಮಾಪುರದವರಿಗೆ ಬರೆದ ಪತ್ರಿಕೆಯಲ್ಲಿ ಧರ್ಮಶಾಸ್ತ್ರ ಪರಿಶುದ್ಧವೆಂದೂ, ನಂಬಿಕೆಯಿಂದ ಅದನ್ನು ಸ್ಥಿರಪಡಿಸುತ್ತೇವೆಂದೂ, ಇಸ್ರಾಯೇಲಿಗೆ ದೇವರು ಕೊಟ್ಟ ಕರೆಯನ್ನು ಹಿಂದೆಗೆಯುವುದಿಲ್ಲವೆಂದೂ ಹೇಳುತ್ತಾನೆ. ಕ್ರಿಸ್ತನನ್ನು ಧರ್ಮಶಾಸ್ತ್ರದ 'ತೆಲೊಸ್' ಎಂದು ಅವನು ಕರೆದಿರುವಲ್ಲಿ ಆ ಗ್ರೀಕ್ ಶಬ್ದಕ್ಕೆ ಕೊನೆ, ಗುರಿ ಎಂಬ ಎರಡರ್ಥಗಳೂ ಉಂಟು. ಪೌಲನಲ್ಲಿ ಬಿಗಿತವಿದೆ, ಬಿಡಿಸಿಹೇಳಿದ ವ್ಯವಸ್ಥೆಯಿಲ್ಲ. ಸಂದಿಗ್ಧಸ್ಥಳಗಳನ್ನು ಸ್ಪಷ್ಟಸ್ಥಳಗಳ ಆಧಾರದಿಂದ ಅರ್ಥೈಸಬೇಕೆಂಬ ನ್ಯಾಯದಂತೆ, ಎಲ್ಲ ಸಭೆಗಳಿಗೂ ವಿಧಿಸಿದನೆಂದು ಅವನೇ ಹೇಳಿಕೊಂಡ ನಿಯಮಕ್ಕೆ ಹೆಚ್ಚಿನ ತೂಕ ಕೊಡುವುದು ಯುಕ್ತವೆಂದು ನಮಗೆ ತೋರುತ್ತದೆ.

ಎರಡನೆಯ ಆಕ್ಷೇಪ ಅಧಿಕಾರ ಎಂಬ ಪರಿಭಾಷೆಗೇ ಸಂಬಂಧಿಸಿದ್ದು. ನಮ್ಮ ಶಾಸ್ತ್ರಪರಂಪರೆಯಲ್ಲಿ ಅಧಿಕಾರಭೇದ ತಾರತಮ್ಯವಾಗಿ ಪರಿಣಮಿಸಿದ್ದು, ವೇದಾಧ್ಯಯನಕ್ಕೆ ಶೂದ್ರನು ಅಧಿಕಾರಿಯಲ್ಲವೆಂಬ ನಿರ್ಣಯಕ್ಕೆ ಆಧಾರವಾದದ್ದು ಸರ್ವವಿದಿತ. ಈ ಅಪಾಯ ಮೊದಲ ಶತಮಾನದಲ್ಲಿಯೂ ಕಾಣಿಸಿಕೊಂಡಿತು. ಅಂತಿಯೋಕ್ಯದಲ್ಲಿ ಅನ್ಯಜನರೊಡನೆ ಕೂಡಿ ಉಣ್ಣುತ್ತಿದ್ದ ಪೇತ್ರನು ಯಾಕೋಬನ ಕಡೆಯವರು ಬಂದೊಡನೆ ಪಂಕ್ತಿಯಿಂದ ಹಿಂದೆ ಸರಿದನು. ಬಾರ್ನಬನೂ ಅವನನ್ನು ಅನುಸರಿಸಿದನು. ಪೌಲನು ಪೇತ್ರನನ್ನು ಎಲ್ಲರೆದುರಿಗೆ ಖಂಡಿಸಿದ್ದು ಈ ಸಂದರ್ಭದಲ್ಲಿ. ಆಚರಣೆಯ ಭೇದ ಪಂಕ್ತಿಭೇದವಾದದ್ದು ಅವನ ಆಕ್ಷೇಪಕ್ಕೆ ಗುರಿಯಾಯಿತು. ಯೆಹೂದ್ಯನು ಯೆಹೂದ್ಯನಾಗಿಯೂ ಗ್ರೀಕನು ಗ್ರೀಕನಾಗಿಯೂ ಉಳಿಯಬೇಕು. ಆದರೆ ಊಟಕ್ಕೆ ಒಂದೇ ಪಂಕ್ತಿಯಲ್ಲಿ ಕೂರಬೇಕು. ಈ ಎರಡನ್ನೂ ಒಟ್ಟಿಗೆ ಸಾಧಿಸುವುದು ಕಷ್ಟವೆಂಬುದಕ್ಕೆ ಮುಂದಿನ ಇತಿಹಾಸವೇ ಸಾಕ್ಷಿ.

೬

೨ನೆಯ ಶತಮಾನದ ಮಧ್ಯದಲ್ಲಿ ಜಸ್ಟಿನನು ಬರೆದ, ಯೆಹೂದ್ಯನಾದ ಟ್ರೈಫೋವಿನೊಡನೆ ನಡೆದ ಸಂವಾದದಲ್ಲಿ, ಕ್ರಿಸ್ತನನ್ನು ನಂಬಿ ಮೋಶೆಯ ವಿಧಿಗಳನ್ನೂ ಆಚರಿಸುವವನಿಗೆ ರಕ್ಷಣೆಯುಂಟೆ ಎಂಬ ಪ್ರಶ್ನೆ ಬರುತ್ತದೆ. ಇತರರನ್ನು ಅದಕ್ಕೆ ಬಲಾತ್ಕರಿಸದಿದ್ದರೆ ಉಂಟೆಂದು ತನ್ನ ಅಭಿಪ್ರಾಯವೆಂದೂ, ಇದನ್ನೊಪ್ಪದೆ ಅಂಥವರ ಸಹವಾಸವನ್ನೇ ಬಿಡುವ ಕ್ರೈಸ್ತರೂ ಇದ್ದಾರೆಂದೂ ಜಸ್ಟಿನನು ಹೇಳುತ್ತಾನೆ. ಒಂದು ಶತಮಾನದ ಹಿಂದೆ ಅನ್ಯಜನರನ್ನು ಒಳಗೆ ಸೇರಿಸಬಹುದೇ ಎಂದು ಯೆಹೂದ್ಯರು ಚರ್ಚಿಸಿದ್ದರು. ಈಗ ಯೆಹೂದ್ಯನನ್ನು ಸೇರಿಸಬಹುದೇ ಎಂದು ಅನ್ಯಜನರು ಚರ್ಚಿಸುತ್ತಿದ್ದರು. ೫ನೆಯ ಶತಮಾನದ ಆರಂಭಕ್ಕೆ ಜಸ್ಟಿನನ ಔದಾರ್ಯವೂ ಇಲ್ಲವಾಯಿತು. ಅಂತಿಯೋಕ್ಯದ ಜಗಳ ಕೇವಲ ನಟನೆಯೆಂದು ಜೆರೋಮನು ವ್ಯಾಖ್ಯಾನಿಸಲು, ಅಗಸ್ಟೀನನು ಅದನ್ನು ಒಪ್ಪದೆ, ಅಪೊಸ್ತಲರು ಯೆಹೂದ್ಯ ವಿಧಿಗಳನ್ನು ಪ್ರಾಮಾಣಿಕವಾಗಿಯೇ ಆಚರಿಸಿದರೆಂದು ಬರೆದನು. ಆದರೆ ಅದು ಸತ್ತ ಹಿರಿಯರಿಗೆ ಗೌರವದಿಂದ ಉತ್ತರಕ್ರಿಯೆ ಮಾಡಿದಂತೆ. ಆ ಬಳಿಕವೂ ಆಚರಿಸುವುದು ಸಲ್ಲದು ಎಂಬಲ್ಲಿ ಇಬ್ಬರಿಗೂ ಒಮ್ಮತವಿತ್ತು. ೧೪೪೨ರಲ್ಲಿ ಫ್ಲಾರೆನ್ಸ್ ಮಹಾಸಭೆ ಈಜಿಪ್ಟಿನ ಕಾಪ್ಟರೊಡನೆ ಐಕ್ಯವನ್ನು ಸಾಧಿಸಹೊರಟು ಹೊರಡಿಸಿದ ಶಾಸನದಲ್ಲಿ, ಸುವಾರ್ತೆ ಪ್ರಚುರವಾದ ಮೇಲೆ ಸುನ್ನತಿ, ಸಬ್ಬತ್ ಮುಂತಾದ ವಿಧಿಗಳನ್ನು ಆಚರಿಸುವವನು ನಿತ್ಯರಕ್ಷಣೆಯನ್ನು ಕಳೆದುಕೊಳ್ಳುವನೆಂದು ಘೋಷಿಸಿತು. ರಕ್ತವನ್ನೂ ಹಿಸುಕಿ ಕೊಂದದ್ದನ್ನೂ ವರ್ಜಿಸಬೇಕೆಂಬ ಅಪೊಸ್ತಲರ ನಿರ್ಣಯ ಆ ಕಾಲಕ್ಕೆ ತಕ್ಕುದಾಗಿತ್ತು, ಅದರ ಕಾರಣ ಈಗ ಇಲ್ಲವೆಂದೂ ಅದೇ ಶಾಸನ ಹೇಳಿತು. ಪೌರಸ್ತ್ಯ ಸಭೆಯಾದರೋ ೬೯೨ರ ಟ್ರುಲ್ಲೋ ಸಭೆಯ ವಿಧಿಯಂತೆ ರಕ್ತಭಕ್ಷಣವನ್ನು ನಿಷೇಧಿಸಿತ್ತು.

ಇವು ಪಂಡಿತರ ವಾದಗಳಾಗಿ ನಿಲ್ಲಲಿಲ್ಲ. ೧೪೭೮ರಲ್ಲಿ ಸ್ಪೇನಿನಲ್ಲಿ ಇನ್‌ಕ್ವಿಸಿಷನ್ ಸ್ಥಾಪಿತವಾದಾಗ, ಬಲಾತ್ಕಾರದಿಂದ ಕ್ರೈಸ್ತರಾದ ಯೆಹೂದ್ಯರ ಮೇಲೆ ಶನಿವಾರ ಮಡಿಬಟ್ಟೆ ಉಟ್ಟದ್ದು, ಹಂದಿಯ ಮಾಂಸವನ್ನು ತಿನ್ನದಿದ್ದುದು ಅಪರಾಧದ ಸಾಕ್ಷ್ಯಗಳಾದವು. ಈ ಚರಿತ್ರೆ ನಮ್ಮ ಕರಾವಳಿಯನ್ನೂ ಮುಟ್ಟಿತು. ೧೫೬೦ರಲ್ಲಿ ಗೋವೆಯಲ್ಲಿ ಇನ್‌ಕ್ವಿಸಿಷನ್ ಆರಂಭವಾಯಿತು. ಭಾರತದ ಔಷಧಿಗಳನ್ನು ಕುರಿತು ೧೫೬೩ರಲ್ಲಿ ಸಂವಾದರೂಪದ ಪ್ರಸಿದ್ಧ ಗ್ರಂಥವನ್ನು ಪ್ರಕಟಿಸಿದ ವೈದ್ಯ ಗಾರ್ಸಿಯ ದ ಓರ್ತನು ಗೋವೆಯಲ್ಲಿ ೧೫೬೮ರಲ್ಲಿ ತೀರಿಕೊಂಡನು. ಮರುವರ್ಷ ಅವನ ತಂಗಿ ಕತರೀನಳನ್ನು ಗುಪ್ತ ಯೆಹೂದ್ಯಳೆಂದು ಸುಟ್ಟರು; ೧೫೮೦ರಲ್ಲಿ ಅವನ ಅಸ್ಥಿಗಳನ್ನೂ ಅಗೆದು ತೆಗೆದು ಸುಟ್ಟರು. ತೋರಾ ಸತ್ತುಹೋಯಿತೆಂಬ ವ್ಯಾಖ್ಯಾನ ಅದನ್ನು ಆಚರಿಸುವ ಜೀವಂತ ಮನುಷ್ಯರ ಮೇಲೆ ಎರಗಿದ ಬಗೆ ಇದು.

ಇದಕ್ಕಿಂತ ಬೇರೆಯಾದ ದಾರಿಯೂ ಇತ್ತೆಂಬುದಕ್ಕೆ ಇಥಿಯೋಪಿಯದ ಸಭೆ ನಿದರ್ಶನ. ಅಲ್ಲಿ ೧೪೫೦ರ ದೆಬ್ರೆ ಮಿತ್ಮಾಕ್ ಸಭೆ ಭಾನುವಾರದೊಡನೆ ಶನಿವಾರದ ಆಚರಣೆಯನ್ನೂ ಮಾನ್ಯಮಾಡಿತು, ಸುನ್ನತಿಯೂ ರೂಢಿಯಲ್ಲಿದೆ. ಜೆಸ್ಯೂಟರು ಇದನ್ನು ಯೆಹೂದ್ಯಮತವೆಂದು ಆಕ್ಷೇಪಿಸಿದಾಗ ಗಲಾವ್ದೇವೋಸ್ ಚಕ್ರವರ್ತಿ ೧೫೫೫ರ ತನ್ನ ವಿಶ್ವಾಸಪ್ರಮಾಣದಲ್ಲಿ ಉತ್ತರ ಕೊಟ್ಟನು. ಸುನ್ನತಿ ತಮಗೆ ದೇಶಾಚಾರ, ಭಾರತೀಯರು ಕಿವಿ ಚುಚ್ಚಿಸಿಕೊಳ್ಳುವಂತೆ; ಹಂದಿಯ ಮಾಂಸವನ್ನು ತಿನ್ನುವವನನ್ನು ತಾವು ದ್ವೇಷಿಸುವುದಿಲ್ಲ, ತಿನ್ನದವನನ್ನು ಬಲಾತ್ಕರಿಸುವುದೂ ಇಲ್ಲ ಎಂಬುದು ಅವನ ಉತ್ತರದ ಸಾರ. ರೋಮಾಪುರದವರ ಪತ್ರಿಕೆಯ ೧೪ನೆಯ ಅಧ್ಯಾಯದ ಭಾವಕ್ಕೆ ಇದು ಫ್ಲಾರೆನ್ಸಿನ ಶಾಸನಕ್ಕಿಂತ ಎಷ್ಟೋ ಹತ್ತಿರವಾಗಿದೆ.

೭

ಮೇಲಣ ವಿಚಾರದಿಂದ ಫಲಿಸುವುದನ್ನು ಸಂಗ್ರಹಿಸಬಹುದು. ಯೆಹೂದ್ಯ ಮೂಲದವರಲ್ಲದ ಕ್ರೈಸ್ತರಿಗೆ ತೋರಾದ ವಿಧಿಗಳು ವಿಧಿಗಳಾಗಿ ಬಾಧ್ಯವಲ್ಲ. ದಶಾಜ್ಞೆಗಳೂ ಇದಕ್ಕೆ ಹೊರತಲ್ಲ. ಕೊಲೆ, ಕಳ್ಳತನ, ಸುಳ್ಳುಸಾಕ್ಷಿ ಇವು ಅವರಿಗೆ ನಿಷಿದ್ಧವಾಗಿರುವುದು ಸರ್ವಸಾಧಾರಣ ಧರ್ಮದಿಂದಲೂ ಯೇಸುವಿನ ಉಪದೇಶದಿಂದಲೂ. ಅವರನ್ನು ಸಬ್ಬತ್ತಿಗೂ ಆಹಾರನಿಯಮಕ್ಕೂ ಕರೆಯುವವರು ಯೆರೂಸಲೇಮಿನ ನಿರ್ಣಯವನ್ನೇ ಮೀರುತ್ತಾರೆ. ಆದರೆ ಬಾಧ್ಯವಲ್ಲದ್ದು ನಿರರ್ಥಕವಲ್ಲ. ಬಲಿವಿಧಿಗಳನ್ನು ಆಚರಿಸಲಾಗದ ರಬ್ಬಿಗಳು ಅವನ್ನು ಅಧ್ಯಯನ ಮಾಡಿದಂತೆ, ಕ್ರೈಸ್ತನಿಗೂ ತೋರಾ ಅಧ್ಯಯನದ ಗ್ರಂಥವಾಗಿ, ಮೂಲಾರ್ಥದಲ್ಲಿ ಉಪದೇಶವಾಗಿ ಉಳಿಯುತ್ತದೆ. ಕೂಲಿಯವನ ಕೂಲಿಯನ್ನು ರಾತ್ರಿ ಕಳೆಯುವವರೆಗೆ ಇಟ್ಟುಕೊಳ್ಳಬಾರದೆಂಬ ಮಾತು ತನ್ನನ್ನು ಕುರಿತದ್ದಲ್ಲವೆಂದು ತರ್ಕಿಸಿ ನಿಶ್ಚಿಂತನಾಗುವವನು ಅಧಿಕಾರವಿಚಾರವನ್ನು ತಿಳಿದವನಲ್ಲ, ಅದರ ಮರೆಯಲ್ಲಿ ಅಡಗಿದವನು.

ಯೆಹೂದ್ಯರ ಪಾಲಿಗೆ ಆ ವಿಧಿಗಳು ಗತಿಸಿದವೆಂದು ಹೇಳಲು ಕ್ರೈಸ್ತಸಭೆಗೆ ಅದರ ಮೂಲಗ್ರಂಥದಲ್ಲಿ ಸಮರ್ಪಕವಾದ ಆಧಾರವಿಲ್ಲ. ೧೯೬೫ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆ ರೋಮಾಪುರದವರ ಪತ್ರಿಕೆಯ ೧೧ನೆಯ ಅಧ್ಯಾಯವನ್ನು ಆಧರಿಸಿ ಇಸ್ರಾಯೇಲಿನ ಕರೆ ಅಳಿದಿಲ್ಲವೆಂದು ಒಪ್ಪಿತು. ೨೦೧೫ರಲ್ಲಿ ವ್ಯಾಟಿಕನ್ನಿನ ಸಂಬಂಧಪಟ್ಟ ಆಯೋಗ ಅದೇ ಅಧ್ಯಾಯದ ಮಾತನ್ನು ಶೀರ್ಷಿಕೆಯಾಗಿಟ್ಟು ಈ ವಿಷಯವನ್ನು ವಿಸ್ತರಿಸಿತು. ಕರೆ ಅಳಿಯದಿದ್ದರೆ ಆ ಕರೆಯ ರೂಪವಾದ ವಿಧಿಗಳೂ ಅಳಿಯಲಿಲ್ಲವೆಂದು ಹೇಳಬೇಕಾಗುತ್ತದೆ. ಹಾಗೆಂದಾಗ ಟ್ರೈಫೋ ಜಸ್ಟಿನನಿಗೆ ಹಾಕಿದ ಪ್ರಶ್ನೆ ಮತ್ತೆ ಎದುರಾಗುತ್ತದೆ: ಯೆಹೂದ್ಯನೊಬ್ಬನು ಕ್ರಿಸ್ತನನ್ನು ನಂಬಿ ಸಭೆಗೆ ಬಂದರೆ, ತನ್ನ ಹಿರಿಯರ ವಿಧಿಗಳನ್ನು ಅವನು ಆಚರಿಸಬಹುದೇ, ಆಚರಿಸಬೇಕೇ? ಮೊದಲ ಶತಮಾನದಲ್ಲಿ ಯಾಕೋಬನಿಗೆ ಇದೊಂದು ಪ್ರಶ್ನೆಯೇ ಆಗಿರಲಿಲ್ಲ. ಇಂದಿನ ದೊಡ್ಡ ಸಭೆಗಳಲ್ಲಿ ಇದಕ್ಕೆ ಒಮ್ಮತದ ಉತ್ತರವಿಲ್ಲ. ಅನ್ಯಜನರು ಏನನ್ನು ಬಿಡಬಹುದೆಂಬುದನ್ನು ಸಭೆ ಇಷ್ಟು ಶತಮಾನ ಚರ್ಚಿಸಿದೆ. ಯೆಹೂದ್ಯನು ಏನನ್ನು ಉಳಿಸಿಕೊಳ್ಳಬಹುದೆಂಬುದನ್ನು ಅಷ್ಟೇ ಶ್ರದ್ಧೆಯಿಂದ ಚರ್ಚಿಸಿದಲ್ಲದೆ ಯೆರೂಸಲೇಮಿನಲ್ಲಿ ತೊಡಗಿದ ವಿಚಾರ ಪೂರ್ಣವಾಗದು.